ಬಿಲ್‌ನಲ್ಲಿ ಕ್ರೌನ್ ಆಯಿಲ್ ಇದೆ, ಹೌಸಿಂಗ್‌ನಲ್ಲಿ ಇಲ್ಲ! ಪಿಕಪ್ ಇಟ್ಟವರು ಓದಿ

ಪಿಕಪ್ ಓಡಿಸುವವರು, ಬಾಡಿಗೆಗೆ ಬಿಟ್ಟವರು ದಯವಿಟ್ಟು ಓದಿ. ಸರ್ವಿಸ್ ಬಿಲ್‌ನಲ್ಲಿ ಡಿಫರೆನ್ಷಿಯಲ್ ಆಯಿಲ್ (ನಾವು ಕ್ರೌನ್ ಆಯಿಲ್ ಅನ್ನೋದು ಇದಕ್ಕೇ, ಹಿಂದಿನ ಆಕ್ಸಲ್ ಮಧ್ಯದ ಹೌಸಿಂಗ್ ಒಳಗಿನ ಗೇರ್‌ಗಳಿಗೆ ಹಾಕುವ ಆಯಿಲ್) ಅಂತ ಪ್ರಿಂಟ್ ಆದ ಮಾತ್ರಕ್ಕೆ ಹಾಕಿದ್ದಾರೆ ಅಂತ ನಂಬಬೇಡಿ. ನನ್ನಿಂದ ಆಯಿಲ್‌ಗೂ ದುಡ್ಡು ತೆಗೆದುಕೊಂಡರು, ಲೇಬರ್‌ಗೂ ತೆಗೆದುಕೊಂಡರು. ಆಯಿಲ್ ತುಂಬುವ ತೂತಿನ ಮುಚ್ಚಳ, ಅಂದರೆ ಫಿಲ್ಲರ್ ಪ್ಲಗ್ ಮುಟ್ಟೇ ಇರಲಿಲ್ಲ. ಮುಟ್ಟೇ ಇರಲಿಲ್ಲ!

ನಮ್ಮದು ಬೊಲೆರೊ ಪಿಕಪ್. ಕೋಲಾರ ಎಪಿಎಂಸಿಯಿಂದ ಟೊಮೆಟೊ ಲೋಡ್. ಸೀಸನ್‌ಗೆ ಮುಂಚೆ ಹೈವೇ ಪಕ್ಕದ ಒಂದು ದೊಡ್ಡ ಗ್ಯಾರೇಜ್‌ನಲ್ಲಿ ಫುಲ್ ಸರ್ವಿಸ್ ಮಾಡಿಸಿದೆ. ಇಂಜಿನ್ ಆಯಿಲ್, ಗೇರ್ ಆಯಿಲ್, ಕ್ರೌನ್ ಆಯಿಲ್ ಮೂರೂ ಬದಲಿಸಿ ಅಂತ ಬಿಡಿಸಿ ಹೇಳಿದ್ದೆ. ಸ್ವಲ್ಪ ದಿನಕ್ಕೇ ಹಿಂದಿನಿಂದ ಗುಂಯ್ ಅಂತ ಸದ್ದು ಶುರುವಾಯಿತು. ಎಕ್ಸಲರೇಟರ್ ಒತ್ತಿದರೆ ಜಾಸ್ತಿ, ಬಿಟ್ಟರೆ ಬೇರೆ ಥರ. ಫೋನ್ ಮಾಡಿದರೆ "ಟೈರ್ ಸೌಂಡ್ ಸಾರ್, ಓಡಿಸಿ ಏನೂ ಆಗಲ್ಲ" ಅಂದರು.

ಮುಳಬಾಗಿಲಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಗಾಡಿ ಕೆಳಗೆ ಮಲಗಿ ನನ್ನನ್ನೂ ಕರೆದರು. "ಬಾಪ್ಪಾ, ನೀನೇ ನೋಡು." ಫಿಲ್ಲರ್ ಪ್ಲಗ್ ಸುತ್ತ ಮಣ್ಣು, ಜಿಡ್ಡು ಒಣಗಿ ಕಲ್ಲಾಗಿತ್ತು. ಸ್ಪ್ಯಾನರ್ ಕೂರಿಸಲು ಮೊದಲು ಸ್ಕ್ರೂಡ್ರೈವರ್‌ನಲ್ಲಿ ಕೆರೆಯಬೇಕಾಯಿತು. ಮೊನ್ನೆ ತಾನೇ ಬಿಚ್ಚಿದ ಪ್ಲಗ್ ಹೀಗಿರುತ್ತಾ? ಮೈ ಉರಿದುಹೋಯಿತು. ತೂತಿನ ಕೆಳಗಿನ ಅಂಚಿನ ತನಕ ಆಯಿಲ್ ಇರಬೇಕು ಅಲ್ವಾ, ಅವರು ಬೆರಳು ಬಗ್ಗಿಸಿ ಕೆಳಗಿಳಿಸಿದರೂ ಸಿಗಲಿಲ್ಲ. ಇಳಿಸಿದಾಗ ಬಂದಿದ್ದು ಕರ್ರಗಿನ ಆಯಿಲ್, ಸುಟ್ಟ ವಾಸನೆ. ನುಣ್ಣನೆ ಪುಡಿ ಬಂದರೆ ಮಾಮೂಲಿ ಸವೆತ. ಇದರಲ್ಲಿ ಕತ್ತರಿಸಿದ ಉಗುರಿನಂಥ ಕಬ್ಬಿಣದ ಚೂರುಗಳಿದ್ದವು. ಒಳಗಿನ ಗೇರ್‌ಗಳಾದ ಕ್ರೌನ್, ಪಿನಿಯನ್ ಎರಡೂ ಹೋಗಿತ್ತು.

ಆಯಿಲ್ ಎಲ್ಲಿ ಹೋಯಿತು ಅಂದರೆ, ಹೌಸಿಂಗ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಗೆ ಹೋಗುವ ಸಣ್ಣ ದಾರಿ) ಮಣ್ಣಿನಿಂದ ಮುಚ್ಚಿಹೋಗಿತ್ತು. ಬಿಸಿಗೆ ಒಳಗೆ ಒತ್ತಡ ಏರಿ, ಆಯಿಲ್ ಸೀಲ್ ದಾಟಿ ಒಂದು ಕಡೆಯ ಬ್ರೇಕ್ ಡ್ರಮ್‌ಗೆ ಇಳಿದಿತ್ತು. ಲೋಡ್ ಗಾಡಿಯ ಬ್ರೇಕ್‌ಗೆ ಆಯಿಲ್! ಇಳಿಜಾರಿನಲ್ಲಿ ಏನಾದರೂ ಆಗಿದ್ದರೆ? ನಿಜವಾಗಿ ಆಯಿಲ್ ಬದಲಿಸಲು ಕೆಳಗೆ ಹೋಗಿದ್ದರೆ ಇದು ಕಣ್ಣಿಗೆ ಬೀಳಲೇಬೇಕಿತ್ತು.

ಬಿಲ್, ಪ್ಲಗ್‌ನ ಫೋಟೋ ಹಿಡಿದು ಗ್ಯಾರೇಜ್‌ಗೆ ಹೋದೆ. ಮೊದಲು "ಹುಡುಗರು ಹಾಕಿದ್ದಾರೆ ಸಾರ್." ಫೋಟೋ ತೋರಿಸಿದೆ. "ನಮ್ಮ ರೋಡ್ ಗೊತ್ತಲ್ವಾ, ಮಣ್ಣು ಕೂರುತ್ತೆ." ಆಮೇಲೆ "ಓವರ್‌ಲೋಡ್ ಹಾಕಿರ್ತೀರ." ಕೊನೆಗೆ ಏನಂದರು ಗೊತ್ತಾ? "ಪ್ಯಾಕೇಜ್ ಸರ್ವಿಸ್ ಅಲ್ವಾ, ಕಂಪ್ಯೂಟರ್ ಅದಾಗೇ ಬಿಲ್‌ಗೆ ಸೇರಿಸುತ್ತೆ." ಕಂಪ್ಯೂಟರ್ ಸೇರಿಸುತ್ತೆ ಅಂತೆ! ದುಡ್ಡು ಎಣಿಸಿಕೊಂಡಿದ್ದು ಕಂಪ್ಯೂಟರ್ರಾ? ಅಲ್ಲಿ ನಿಂತಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು, ತಪ್ಪು ನಾನೇ ಮಾಡಿದ ಹಾಗೆ. "ಬೇಕಿದ್ರೆ ಆಯಿಲ್ ಫ್ರೀಯಾಗಿ ಹಾಕಿಕೊಡ್ತೀವಿ" ಅಂದಾಗ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಹೊಸ ಕ್ರೌನ್ ಪಿನಿಯನ್ ಸೆಟ್, ಬೇರಿಂಗ್, ಸೀಲ್, ಸೀಸನ್‌ನಲ್ಲಿ ನಿಂತ ಗಾಡಿ. ಅದಕ್ಕೆಲ್ಲ ಒಂದು ಡಬ್ಬಿ ಆಯಿಲ್!

ಗಾಡಿ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಎದುರಿಗೇ ನಿಂತು ಮಾಡಿಸಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿಸಿ, ಆಮೇಲೆ ಹಳೇ ಆಯಿಲ್ ಇಳಿಸುವ ಕೆಳಗಿನ ಡ್ರೈನ್ ಪ್ಲಗ್. ಮೇಲಿನದು ಜಾಮ್ ಆಗಿದ್ದರೆ ಕೆಳಗಿನದು ಬಿಚ್ಚಿ ಪ್ರಯೋಜನವಿಲ್ಲ, ಎಲ್ಲ ಸುರಿದುಹೋದ ಮೇಲೆ ತುಂಬಿಸೋದು ಎಲ್ಲಿಂದ? ಡಬ್ಬಿಯ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಡಬ್ಬಿಯ ಮೇಲೆ ಜಿಎಲ್-5 (ಗೇರ್ ಆಯಿಲ್‌ನ ಒಂದು ದರ್ಜೆ) ಅಂತ ಇದೆಯಾ ನೋಡಿ, ಗ್ರೇಡ್ (ಆಯಿಲ್ ಎಷ್ಟು ದಪ್ಪ ಅನ್ನುವ ಗುರುತು) ಗಾಡಿಯ ಪುಸ್ತಕದಲ್ಲಿ ಇರುವುದೇ ಆಗಬೇಕು. ಹಳೇ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತ ಅರ್ಥ. ಬ್ರೀದರ್ ಕ್ಲೀನ್ ಮಾಡಿ ಅಂತ ನೀವೇ ಕೇಳಿ, ಅವರಾಗಿ ಮಾಡಲ್ಲ. ಪ್ಲಗ್ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ಫೋಟೋ ತೆಗೆಯಿರಿ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅವರ ಬಿಲ್, ಆ ಕಬ್ಬಿಣದ ಚೂರುಗಳು, ಮುಳಬಾಗಿಲಿನ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಎಲ್ಲ ಎತ್ತಿಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಹೊಟ್ಟೆಪಾಡಿಗೆ ಸ್ವಂತ ಓಡಿಸುವ ಗಾಡಿಯಾದರೆ ಅಲ್ಲಿ ಕೇಳಬಹುದು. ಇದೇ ಥರ ಬಿಲ್ ಹಾಕಿಸಿಕೊಂಡವರು ಇದ್ದರೆ ಇವತ್ತೇ ಗಾಡಿ ಕೆಳಗೆ ಬಗ್ಗಿ ಆ ಪ್ಲಗ್ ನೋಡಿ.