20 ಎಂಎಲ್ ಬಾದಾಮ್ ಎಸೆನ್ಸ್: ತಗೊಳ್ಳಬಹುದು, ಆದರೆ ಡಬ್ಬಿ ಓದಿ

ಈ ಬಾಟಲಿಯಲ್ಲಿ ಬಾದಾಮಿ ಇಲ್ಲ. ಬೇಕರಿ ಸಾಮಾನಿನ ಅಂಗಡಿಯಲ್ಲಿ ವೆನಿಲಾ, ಪೈನಾಪಲ್, ರೋಸ್ ಜೊತೆ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಅದೇ ಪುಟ್ಟ ಬಾಟಲಿ. ಬಾದಾಮಿ ಎಷ್ಟಿದೆ ಅಂತ ಕೇಳಿದ್ದಕ್ಕೆ ಅಂಗಡಿಯವರು ನಕ್ಕು, "ಮೇಡಂ, ಬಾದಾಮಿ ಹಾಕಿದ್ರೆ ಈ ರೇಟಿಗೆ ಕೊಡಕ್ಕಾಗುತ್ತಾ?" ಅಂದರು. ಸರಿಯಾದ ಮಾತೇ.

ಕೆಲಸಕ್ಕೆ ಬಂದರೆ ಬಾಟಲಿ ಚೆನ್ನಾಗಿದೆ. ಅರ್ಧ ಕೆಜಿ ಮೈದಾದ ಬಿಸ್ಕತ್ತಿಗೆ ನಾಲ್ಕೈದು ಹನಿ ಸಾಕು. ಓವನ್‌ನಿಂದ ತೆಗೆದ ಮೇಲೂ ಘಮ ಉಳಿಯುತ್ತದೆ. ಒಂದೆರಡು ಹನಿ ಜಾಸ್ತಿ ಬಿತ್ತೋ, ಕೆಮ್ಮಿನ ಸಿರಪ್ ತಿಂದ ಹಾಗಾಗುತ್ತದೆ. ಬಾದಾಮಿ ಹಾಲಿಗೆ ಮಾತ್ರ ಹಾಕಬೇಡಿ. ನಾವು ಮನೆಯಲ್ಲಿ ನೆನೆಸಿ, ಸಿಪ್ಪೆ ಸುಲಿದು ರುಬ್ಬುವ ಸಿಹಿ ಬಾದಾಮಿಗೆ ಇಂಥ ಜೋರು ವಾಸನೆ ಇರುವುದೇ ಇಲ್ಲ, ಆ ಹಾಲಿನಲ್ಲಿ ಏಲಕ್ಕಿ, ಕೇಸರಿಯದ್ದೇ ಕಾರುಬಾರು.

ಹಾಗಾದರೆ ಈ ವಾಸನೆ ಎಲ್ಲಿಯದು? ಕಹಿ ಬಾದಾಮಿಯದು. ಏಪ್ರಿಕಾಟ್, ಪೀಚ್ ಓಟೆಯೊಳಗಿನ ಬೀಜದಲ್ಲೂ ಇದೇ ಇದೆ. ಆ ಬೀಜಗಳಲ್ಲಿ ಅಮಿಗ್ಡಲಿನ್ ಅನ್ನುವ ಪದಾರ್ಥ ಇರುತ್ತದೆ. ಬೀಜ ಜಜ್ಜಿ ನೀರು ತಾಗಿಸಿದರೆ ಅದು ಒಡೆದು ಬೆಂಜಾಲ್ಡಿಹೈಡ್ ಹೊರಬರುತ್ತದೆ, ನಮಗೆ ಬಾದಾಮ್ ಎಸೆನ್ಸ್ ಅನ್ನಿಸುವ ವಾಸನೆ ಇದೇ, ಆದರೆ ಜೊತೆಯಲ್ಲೇ ಹೈಡ್ರೋಸಯನಿಕ್ ಆಮ್ಲವೂ ಬರುತ್ತದೆ, ಅಂದರೆ ಸಯನೈಡ್. ಹೆದರಬೇಡಿ. ಬೀಜದಿಂದ ಎಣ್ಣೆ ಬಟ್ಟಿ ಇಳಿಸುವವರು ಸುಣ್ಣ ಮತ್ತು ಕಬ್ಬಿಣದ ಲವಣ ಹಾಕಿ ಆ ವಿಷವನ್ನು ಹಿಡಿದು, ಮತ್ತೆ ಬಟ್ಟಿ ಇಳಿಸುತ್ತಾರೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಹಿ ಬಾದಾಮಿಯ ಎಣ್ಣೆಯನ್ನು ಒಪ್ಪಿರುವುದೇ ಈ ಆಮ್ಲ ತೆಗೆದಿರಬೇಕು ಎಂಬ ಷರತ್ತಿನ ಮೇಲೆ. ಯುರೋಪಿನಲ್ಲಿ ಮಾರ್ಜಿಪಾನ್‌ಗೆ, ಅಂದರೆ ಬಾದಾಮಿ ಸಕ್ಕರೆ ರುಬ್ಬಿ ಮಾಡುವ ಸಿಹಿಗೆ, ಈ ಆಮ್ಲ ಕೆಜಿಗೆ 50 ಮಿಲಿಗ್ರಾಂ ಮಿತಿ. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಆಹಾರದಲ್ಲಿ ಹೈಡ್ರೋಸಯನಿಕ್ ಆಮ್ಲ 5 ಪಿಪಿಎಂ, ಅಂದರೆ ಕೆಜಿಗೆ 5 ಮಿಲಿಗ್ರಾಂ, ದಾಟುವಂತಿಲ್ಲ.

ಈಗ ತಮಾಷೆ ನೋಡಿ. ನಾನು ತಂದ ಅಗ್ಗದ ಬಾಟಲಿಯದು ಕೃತಕ ಫ್ಲೇವರ್. ಕೃತಕ ಬೆಂಜಾಲ್ಡಿಹೈಡನ್ನು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಸಿಗುವ ಟಾಲ್ವೀನ್ ಅನ್ನುವ ರಾಸಾಯನಿಕದಿಂದ ಮಾಡುತ್ತಾರೆ, ಬೀಜದ ಸಂಬಂಧವೇ ಇಲ್ಲ, ಹಾಗಾಗಿ ಸಯನೈಡ್ ಪ್ರಶ್ನೆಯೂ ಇಲ್ಲ. ಆನ್‌ಲೈನಿನಲ್ಲಿ ಹತ್ತು ಪಟ್ಟು ರೇಟಿಗೆ ಸಿಗುವ "ನ್ಯಾಚುರಲ್" ಬಾಟಲಿಯ ಬಗ್ಗೆಯೇ ನಾಲ್ಕು ಪ್ರಶ್ನೆ ಜಾಸ್ತಿ ಕೇಳಬೇಕು. ಯಾವ ಬೀಜ? ಶುದ್ಧ ಮಾಡಿದ್ದು ಯಾರು? ನೈಸರ್ಗಿಕ ಅಂದ ತಕ್ಷಣ ಕಣ್ಣು ಮುಚ್ಚಿ ಕೊಳ್ಳುವವರು ನಮ್ಮಲ್ಲಿ ಬಹಳ ಜನ, ಅಲ್ವಾ?

ನನ್ನ ಸಿಟ್ಟೆಲ್ಲ ಲೇಬಲ್ ಮೇಲೆ. ಬಾಟಲಿಗೆ ಎರಡು ಬೆರಳಗಲದ ಚೀಟಿ. ಅದರ ಅರ್ಧಕ್ಕೆ ಬಾದಾಮಿಯ ಬಣ್ಣದ ಚಿತ್ರ, ಮಿಕ್ಕ ಅರ್ಧದಲ್ಲಿ ಹೆಸರು, ರೇಟು, ತಾರೀಕು. ಒಳಗೇನಿದೆ ಅನ್ನುವ ಪಟ್ಟಿಯೇ ಇಲ್ಲ. ಇದು ಕಾನೂನು ಮೀರಿದ್ದೂ ಅಲ್ಲ. 100 ಚದರ ಸೆಂಟಿಮೀಟರ್ ದಾಟದ ಪ್ಯಾಕಿಗೆ ಪದಾರ್ಥಗಳ ಪಟ್ಟಿಯಿಂದ ವಿನಾಯಿತಿ ಇದೆ, ಅದು ಹೊರಗಿನ ದೊಡ್ಡ ಡಬ್ಬಿ ಮೇಲೆ ಇದ್ದರೆ ಸಾಕು. ಆದರೆ ಅಂಗಡಿಯವರು ಡಬ್ಬಿ ಒಡೆದು ಬಿಡಿಬಿಡಿಯಾಗಿ ಮಾರುತ್ತಾರೆ. ನಾನು ಕೇಳಿದ ಮೇಲೆ ಕೌಂಟರ್ ಕೆಳಗಿಂದ ಖಾಲಿ ಡಬ್ಬಿ ತೆಗೆದು ಕೊಟ್ಟರು. ಪ್ರೊಪಿಲೀನ್ ಗ್ಲೈಕಾಲ್ (ಫ್ಲೇವರ್ ಕರಗಿಸುವ ದ್ರವ), ಕೃತಕ ಫ್ಲೇವರ್ ಎಲ್ಲ ಅಲ್ಲಿತ್ತು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರೂ ಇತ್ತು. ನೀವೂ ಕೇಳಿ, ಕೊಡುತ್ತಾರೆ. ಹೆಸರೇ ಇಲ್ಲದ ಲೂಸ್ ಎಸೆನ್ಸ್ ಮಾತ್ರ ಬೇಡವೇ ಬೇಡ. ಫ್ಲೇವರ್ ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷಕಾರಿ ದ್ರವ ಬಳಸುವಂತಿಲ್ಲ ಅಂತ ನಮ್ಮ ನಿಯಮದಲ್ಲಿದೆ. ಲೂಸ್ ಬಾಟಲಿಯಲ್ಲಿ ಏನು ಹಾಕಿದ್ದಾರೆ ಅಂತ ಹೇಳುವವರು ಯಾರು?

ಮನೆಯಲ್ಲಿ ಕೇಕ್ ಮಾಡಿ ಆರ್ಡರ್ ಕೊಡುವವರಿಗೆ ಈ ಡಬ್ಬಿ ಇನ್ನೂ ಮುಖ್ಯ. ಬಾದಾಮಿ, ಗೋಡಂಬಿ ಅಂಥ ಬೀಜ ಇದ್ದರೆ ಪ್ಯಾಕೆಟ್ ಮೇಲೆ ಅಲರ್ಜಿಯ ಎಚ್ಚರಿಕೆ ಬರೆಯಬೇಕು ಅಂತ 2020ರ ಲೇಬಲಿಂಗ್ ನಿಯಮವೇ ಹೇಳುತ್ತದೆ. ಅಲರ್ಜಿ ಬರುವುದು ಬೀಜದ ಪ್ರೋಟೀನಿನಿಂದ. ಕೃತಕ ಫ್ಲೇವರಿನಲ್ಲಿ ಆ ಪ್ರೋಟೀನ್ ಇರುವುದಿಲ್ಲ, ಆದರೆ ಅದೇ ಕಾರ್ಖಾನೆಯಲ್ಲಿ ಬೇರೆ ಬೀಜಗಳನ್ನೂ ಬಳಸುತ್ತಿರಬಹುದು. ಹುಟ್ಟುಹಬ್ಬಕ್ಕೆ ಬರುವ ಮಗುವಿಗೆ ಅಲರ್ಜಿ ಇದೆ ಅಂತ ಗೊತ್ತಾದರೆ ನಾನಂತೂ ಈ ಎಸೆನ್ಸ್ ಮುಟ್ಟುವುದಿಲ್ಲ, ಏಲಕ್ಕಿ ಹಾಕಿ ಮುಗಿಸುತ್ತೇನೆ.

ಎಸೆನ್ಸ್ ಬದಲು ಏಪ್ರಿಕಾಟ್ ಬೀಜವನ್ನೇ ಪುಡಿ ಮಾಡಿ ಹಾಕಿದರಾಯಿತು ಅನ್ನುವವರಿಗೆ ಒಂದು ಮಾತು. ಹಸಿ ಬೀಜ ಚಿಕ್ಕದಾದರೂ ಒಮ್ಮೆಗೆ ಮೂರಕ್ಕಿಂತ ಹೆಚ್ಚು ತಿಂದರೆ ದೊಡ್ಡವರಿಗೂ ಸಯನೈಡ್ ಮಿತಿ ಮೀರಬಹುದು, ಪುಟ್ಟ ಮಕ್ಕಳಿಗೆ ಒಂದೇ ಸಾಕು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲೇ ಎಚ್ಚರಿಸಿದೆ. ಹಚ್ಚಿಕೊಳ್ಳಲು ಅಂತ ಮಾರುವ ಕಹಿ ಬಾದಾಮಿ ಎಣ್ಣೆಯನ್ನೂ ಅಡುಗೆಮನೆಗೆ ತರಬೇಡಿ.

ವಾಸನೆಗೆ ಐದಕ್ಕೆ ನಾಲ್ಕು, ಲೇಬಲ್‌ಗೆ ಒಂದೇ. ದೊಡ್ಡ ಬಾಟಲಿ ಬೇಡ, ಗಾಳಿ ತಾಗುತ್ತಾ ಹೋದ ಹಾಗೆ ಬೆಂಜಾಲ್ಡಿಹೈಡ್ ಬೆಂಜೋಯಿಕ್ ಆಮ್ಲವಾಗಿ ಬದಲಾಗಿ ಘಮ ಇಳಿಯುತ್ತದೆ. 20 ಎಂಎಲ್ ತಂದು ಮುಚ್ಚಳ ಬಿಗಿಯಾಗಿ ತಿರುಗಿಸಿ, ಮಕ್ಕಳ ಕೈಗೆ ಸಿಗದ ಮೇಲಿನ ಶೆಲ್ಫಿನಲ್ಲಿಡಿ.