ನ್ಯೂಟನ್ನಾ, ಐನ್‌ಸ್ಟೈನಾ: ಮೊದಲು ಯಾವುದನ್ನು ಓದೋದು?

ಜೋಗದಲ್ಲಿ ನೀರು 253 ಮೀಟರ್ ಬೀಳಲು ಎಷ್ಟು ಹೊತ್ತು? ಗಾಳಿಯ ತಡೆ ಬಿಟ್ಟರೆ ಸುಮಾರು 7 ಸೆಕೆಂಡು. ನ್ಯೂಟನ್ ಸೂತ್ರವೇ ಸಾಕು. ಇದಕ್ಕೆಲ್ಲ ಐನ್‌ಸ್ಟೈನ್ ಸುಮ್ನೆ ತಲೆನೋವು.

ಆದರೆ ಆಗುಂಬೆಯಲ್ಲಿ ಮೊಬೈಲ್ ಮ್ಯಾಪ್ ತೆರೆದರೆ ನ್ಯೂಟನ್ ಲೆಕ್ಕ ಕೈಕೊಡುತ್ತದೆ. ವೇಗ, ಗುರುತ್ವ ಬದಲಾದರೆ ಕಾಲದ ಓಟವೂ ಬದಲಾಗುತ್ತದೆ ಅನ್ನುತ್ತದೆ ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತ. ನಾವಿರುವ ಜಾಗ ತೋರಿಸುವ ಜಿಪಿಎಸ್ ಉಪಗ್ರಹದ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೋಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ) ಹಿಂದೆ ಬೀಳುತ್ತದೆ. ಮೇಲೆ ಗುರುತ್ವ ಕಡಿಮೆಯಲ್ವಾ, ಅದರಿಂದ 45 ಮುಂದೆ ಓಡುತ್ತದೆ. ಒಟ್ಟು 38 ಮುಂದೆ. ಸಂಕೇತ ಬರಲು ಹಿಡಿದ ಹೊತ್ತಿನಿಂದಲೇ ದೂರ ಅಳೆಯುವುದರಿಂದ, ಸರಿಪಡಿಸದಿದ್ದರೆ ದಿನಕ್ಕೆ ಸುಮಾರು 10 ಕಿಲೋಮೀಟರ್ ತಪ್ಪು. ಆಗುಂಬೆಯಲ್ಲಿ ನಿಂತವರನ್ನು ಘಟ್ಟದ ಕೆಳಗೆ ತೋರಿಸೀತು!

ಬುಧನ ಕಕ್ಷೆ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್‌ಸೆಕೆಂಡು (ಡಿಗ್ರಿಯ 3600ರಲ್ಲೊಂದು ಭಾಗ) ಜಾಸ್ತಿ ತಿರುಗುವುದೂ ನ್ಯೂಟನ್ ಸೂತ್ರಕ್ಕೆ ದಕ್ಕಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಬಿಡಿಸಿದರು.

ಪಿಯುಸಿಯವರು ಮೊದಲು ನ್ಯೂಟನ್ ಹಿಡಿಯಿರಿ. ಕಪ್ಪುಕುಳಿ, ಹಿಗ್ಗುವ ವಿಶ್ವ ಬೇಕೆಂದರೆ ಸಾಪೇಕ್ಷತೆಯೇ ಗತಿ. ಗಣಿತ ಮಾತ್ರ ಬೆವರಿಳಿಸುತ್ತದೆ.