ಚಿತ್ರದ ಹಾಳೆಯ ಬೆನ್ನು ನೋಡದೆ ದುಡ್ಡು ಕೊಡಬೇಡಿ

ಇಂಗ್ಲಿಷ್ ಕವಿ ಅಲೆಗ್ಸಾಂಡರ್ ಪೋಪ್‌ನ ‘ಎಸ್ಸೇ ಆನ್ ಮ್ಯಾನ್’ ಕವಿತೆಯ ಹಳೆಯ ಸಚಿತ್ರ ಫ್ರೆಂಚ್ ಅನುವಾದ ಕೊಳ್ಳುವ ಆಸೆ ಯಾರಿಗಾದರೂ ಇದ್ದರೆ, ನನಗೆ ಬಿದ್ದ ಪೆಟ್ಟಿನ ಕಥೆ ಕೇಳಿ.

ನಾನಿರುವುದು ಫ್ರಾನ್ಸಿನ ಲಿಯಾನ್‌ನಲ್ಲಿ. ಕಳೆದ ಚಳಿಗಾಲ ಆನ್‌ಲೈನ್‌ನಲ್ಲಿ ಒಬ್ಬಾತ 1745ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅಚ್ಚಾದ ಮುದ್ರಣವನ್ನು ಮಾರಾಟಕ್ಕಿಟ್ಟಿದ್ದ. ಸಿಲುಯೆಟ್ ಎಂಬಾತ ಮಾಡಿದ ಗದ್ಯಾನುವಾದ, ಜೊತೆಗೆ ಇಂಗ್ಲಿಷ್ ಮೂಲ, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರಗಳು. (ಹೌದು, ಕಪ್ಪು ನೆರಳಿನಂಥ ಸಿಲುಯೆಟ್ ಚಿತ್ರಕ್ಕೆ ಹೆಸರು ಬಂದದ್ದು ಇವನಿಂದಲೇ. 1759ರಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿಯಾಗಿ, ಕೆಲವೇ ತಿಂಗಳಲ್ಲಿ ಹುದ್ದೆ ಕಳೆದುಕೊಂಡ ಪುಣ್ಯಾತ್ಮ.) ಹಾಕಿದ್ದ ಫೋಟೋ ಒಂದೇ, ಶೀರ್ಷಿಕೆ ಪುಟದ್ದು. 340 ಯೂರೋ ಕಳಿಸಿಬಿಟ್ಟೆ.

ಪುಸ್ತಕ ಬಂತು. ಅಕ್ಷರದ ಹಾಳೆಗಳೆಲ್ಲ ಅಸಲಿ. ಬೆಳಕಿಗೆ ಹಿಡಿದರೆ ಕೈಕಾಗದದ ಗೆರೆಗಳು ಕಾಣುತ್ತವೆ. ಚಿತ್ರದ ಹಾಳೆಗಳಲ್ಲಿ ಆ ಗೆರೆಯೇ ಇಲ್ಲ. ತಾಮ್ರದ ಅಚ್ಚಾದರೆ ತಗಡಿನ ಅಂಚು ಒದ್ದೆ ಕಾಗದದಲ್ಲಿ ಒತ್ತಿಕೊಂಡು ಚಿತ್ರದ ಸುತ್ತ ಚೌಕಟ್ಟಿನಂಥ ತಗ್ಗು ಉಳಿಯುತ್ತದೆ, ಹಿಂದಿನಿಂದ ಬೆರಳಾಡಿಸಿದರೆ ಗೊತ್ತಾಗುತ್ತದೆ. ಇಲ್ಲಿ ನುಣ್ಣಗೆ. ಭೂತಗನ್ನಡಿ ಹಿಡಿದೆ: ಗೆರೆಗಳೆಲ್ಲ ಸಾಲುಸಾಲು ಚುಕ್ಕೆ, ಅಂದರೆ ಫೋಟೋ ತೆಗೆದು ಅಚ್ಚು ಹಾಕಿದ್ದು. ಯಾರೋ ಅಸಲಿ ಚಿತ್ರಗಳನ್ನು ಕತ್ತರಿಸಿ, ಬಹುಶಃ ಗೋಡೆಗೆ ತೂಗುಹಾಕುವವರಿಗೆ ಬಿಡಿಬಿಡಿಯಾಗಿ ಮಾರಿಕೊಂಡು, ಆ ಜಾಗಕ್ಕೆ ಹೊಸ ಕಾಲದ ನಕಲು ಅಂಟಿಸಿ, ಟೀ ಬಣ್ಣ ಬಳಿದಿದ್ದಾರೆ.

ಮಾರಿದವನಿಗೆ ಬರೆದೆ. “ಜಾಹೀರಾತಿನಲ್ಲಿ ‘ಆನ್ ಲೆತಾ’ ಎಂದು ಹಾಕಿದ್ದೆನಲ್ಲ” ಎಂದ. ಅಂದರೆ, ಇದ್ದದ್ದು ಇದ್ದ ಹಾಗೆ ಮಾರಾಟ. ಪೋಪ್ ಈ ಕವಿತೆಯ ಮೊದಲ ಭಾಗ ಮುಗಿಸುವುದೂ ‘ಇರುವುದೆಲ್ಲ ಸರಿಯೇ’ ಎಂದು! 1755ರಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಲಿಸ್ಬನ್ ಭೂಕಂಪದ ನಂತರ ಫ್ರೆಂಚ್ ಲೇಖಕ ವೋಲ್ಟೇರ್ ಆ ಮಾತಿನ ಮೇಲೆ ಯಾಕೆ ಹರಿಹಾಯ್ದ ಅಂತ ಅವತ್ತು ನನಗೆ ಚೆನ್ನಾಗಿ ಅರ್ಥವಾಯಿತು.

ಫ್ರಾನ್ಸಿನಲ್ಲಿ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ನಾನು ಕೊಂಡದ್ದು ಖಾಸಗಿ ವ್ಯಕ್ತಿಯಿಂದ, ಆ ಹಕ್ಕು ಸಿಗಲಿಲ್ಲ. ನೀವು ಕೊಳ್ಳುವುದಾದರೆ ಮೊದಲು ದೊಡ್ಡ ಗ್ರಂಥಾಲಯದ ಕ್ಯಾಟಲಾಗ್ ನೋಡಿ ಎಷ್ಟು ಚಿತ್ರ ಇರಬೇಕೆಂದು ಎಣಿಸಿಕೊಳ್ಳಿ. ಪ್ರತಿ ಚಿತ್ರದ ಮುಂಭಾಗ, ಹಿಂಭಾಗ ಎರಡರ ಫೋಟೋ ಕೇಳಿ. ‘ಎಲ್ಲ ಚಿತ್ರಗಳೂ ಮೂಲದವೇ’ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಮೊನ್ನೆ ಅದೇ ಆಸಾಮಿ ಇನ್ನೊಂದು ಹಳೆಯ ಸಚಿತ್ರ ಪುಸ್ತಕ ಮಾರಾಟಕ್ಕೆ ಹಾಕಿದ್ದಾನೆ. ಈ ಸಲವೂ ಫೋಟೋ ಒಂದೇ, ಶೀರ್ಷಿಕೆ ಪುಟದ್ದು.